ಹಳೆಯ ಮೋಟಾರಿನ ಕಣ್ಣುಮುಚ್ಚಾಲೆ

ರೋಗಗಳಲ್ಲಿ ಎರಡು ಬಗೆಯುಂಟು. ಸದಾ ಇದ್ದು ಬಾಧಿಸುವುದು ಒಂದು. ವೈದ್ಯನು ಬಂದೊಡನೆ ಮಾಯವಾಗಿ, ಅವನು ಹೊಸಲು ದಾಟಿದೊಡನೆ ಮರಳಿ ಕಾಣಿಸಿಕೊಳ್ಳುವುದು ಇನ್ನೊಂದು. ಮೊದಲನೆಯದಕ್ಕೆ ಔಷಧವನ್ನು ಹುಡುಕಿದರೆ ಸಾಕು. ಎರಡನೆಯದರಲ್ಲಿ ರೋಗವನ್ನೇ ಹುಡುಕಬೇಕು. ಹಳೆಯ ಮೋಟಾರು ಗಾಡಿಯ ವಿದ್ಯುತ್ ದೋಷಗಳು ಬಹುಮಟ್ಟಿಗೆ ಈ ಎರಡನೆಯ ಜಾತಿಗೆ ಸೇರಿದವು. ಅಂತಹ ಗಾಡಿಯನ್ನು ಮಮತೆಯಿಂದ ಇಟ್ಟುಕೊಂಡಿರುವ ಗೃಹಸ್ಥರು ಇಂದಿಗೂ ನಮ್ಮಲ್ಲಿ ಅನೇಕರಿರುವುದರಿಂದ, ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ವಾಚಕರ ಮುಂದಿಡುವುದು ನಿಷ್ಪ್ರಯೋಜಕವಾಗಲಾರದೆಂದು ನಂಬಿದ್ದೇವೆ.

ನಮ್ಮದು 1974ರಲ್ಲಿ ತೀರ್ಥರೂಪರು ಕೊಂಡ ಗಾಡಿ. 2023ರ ಮಳೆಗಾಲದಲ್ಲಿ ಅದಕ್ಕೆ ಮೂರು ಚಾಳಿಗಳು ಅಂಟಿಕೊಂಡುವು. ಕೆಲವು ದಿನ ಬೆಳಿಗ್ಗೆ ಸೆಲ್ಫ್ ಹೊಡೆದರೆ ‘ಟಿಕ್’ ಎಂಬ ಸದ್ದೊಂದನ್ನುಳಿದು ಬೇರೇನೂ ಇಲ್ಲ. ಐದು ನಿಮಿಷ ಬಿಟ್ಟು ಹೊಡೆದರೆ ಏನೂ ನಡೆಯದಂತೆ ಎಂಜಿನ್ ಹೊರಡುವುದು. ರಾತ್ರಿಯ ವೇಳೆ ರಸ್ತೆ ಕೆಟ್ಟಿದ್ದಲ್ಲಿ ದೀಪಗಳು ಮಂಕಾಗಿ ಮತ್ತೆ ಬೆಳಗುವುವು. ಒಮ್ಮೊಮ್ಮೆ ಓಡುತ್ತಿರುವಾಗಲೇ ಎಂಜಿನ್ ಕೆಮ್ಮುವುದು. ಕಾರ್ಖಾನೆಗೆ ಒಯ್ದಾಗ ಮಾತ್ರ ಗಾಡಿ ಸಾಧುವಾಗಿರುವುದು. ಮೊದಲು ಬ್ಯಾಟರಿ ಹೊಸದಾಯಿತು. ಆಮೇಲೆ ಡೈನಮೋ ಬಿಚ್ಚಿ ಅದರ ಬ್ರಷ್ಷುಗಳನ್ನು ಬದಲಾಯಿಸಿದುದಾಯಿತು. ಮೂರನೆಯ ಸಲ ಕಾಯಿಲೂ ಪಾಯಿಂಟುಗಳೂ ಹೊಸವಾದುವು. ಪ್ರತಿಯೊಂದು ಚಿಕಿತ್ಸೆಯ ಬಳಿಕ ನಾಲ್ಕು ದಿನ ಸುಖ; ಐದನೆಯ ದಿನ ಯಥಾಪ್ರಕಾರ. ಮಾರಿಬಿಡುವ ಮಾತೂ ಮನೆಯಲ್ಲಿ ಎದ್ದಿತು. ಗಾಡಿಯನ್ನು ತೀರ್ಥರೂಪರ ನೆನಪೆಂದು ಭಾವಿಸಿದ್ದ ನಮ್ಮ ತಾಯಿಯವರು ಆ ಮಾತು ಬಂದಾಗಲೆಲ್ಲ ಎದ್ದು ಒಳಗೆ ಹೋಗುತ್ತಿದ್ದರು.

ಹೀಗಿರುವಲ್ಲಿ ಒಂದು ಸಂಜೆ, ತಾಯಿಯವರನ್ನೂ ಮಕ್ಕಳನ್ನೂ ಕೂರಿಸಿಕೊಂಡು, ಮಡಿಕೇರಿಯಿಂದ ಸುಳ್ಯದ ಕಡೆಗೆ ಸಂಪಾಜೆ ಘಟ್ಟವನ್ನು ಇಳಿಯುತ್ತಿದ್ದೆವು. ಧಾರಾಕಾರವಾದ ಮಳೆ. ಒಂದು ತಿರುವಿನಲ್ಲಿ ಎಂಜಿನ್ ನಿಂತೇಹೋಯಿತು. ಹಿಂದಿನಿಂದ ಲಾರಿಗಳು ಬರುತ್ತಿದ್ದುವು. ಹೇಗೋ ಗಾಡಿಯನ್ನು ಅಂಚಿಗೆ ಉರುಳಿಸಿ, ಸೆಲ್ಫ್ ಹೊಡೆದೆವು, ‘ಟಿಕ್’. ಮತ್ತೆ ಹೊಡೆದೆವು, ಮತ್ತೆ ‘ಟಿಕ್’. ಎಂಟು ಹತ್ತು ಬಾರಿ ಹೀಗಾಗಲು, ಪಕ್ಕದಲ್ಲಿ ಕುಳಿತಿದ್ದ ನಮ್ಮ ಮನೆಯವರು ಚೋಕನ್ನು ಎಳೆದು ನೋಡೋಣವೆಂದು ಕೈಯಿಟ್ಟವರು ಥಟ್ಟನೆ ಹಿಂದಕ್ಕೆಳೆದುಕೊಂಡು, “ಇಲ್ಲಿ ನೋಡಿ, ಚೋಕಿನ ಗುಂಡಿ ಕೈ ಸುಡುತ್ತಿದೆ!” ಎಂದರು. ಸುಟ್ಟ ರಬ್ಬರಿನ ವಾಸನೆಯೂ ಸಣ್ಣಗೆ ಬರುತ್ತಿದ್ದಿತು. ಮತ್ತೆ ಸೆಲ್ಫ್ ಮುಟ್ಟಲಿಲ್ಲ. ದಾರಿಹೋಕರಿಬ್ಬರ ಸಹಾಯದಿಂದ ಗಾಡಿಯನ್ನು ಇಳಿಜಾರಿನಲ್ಲಿ ತಳ್ಳಿಸಿ, ಗೇರಿನಲ್ಲಿ ಎಂಜಿನ್ ಹಿಡಿಸಿ, ಘಟ್ಟದ ಕೆಳಗಿನ ಊರನ್ನು ಸೇರಿ ಅಲ್ಲೇ ರಾತ್ರಿ ಕಳೆದೆವು.

ಆ ರಾತ್ರಿ ನಿದ್ರೆ ಬರಲಿಲ್ಲ. ಚೋಕೆಂಬುದು ಕೈಯಿಂದ ಎಳೆಯುವ ಒಂದು ಉಕ್ಕಿನ ತಂತಿ ಮಾತ್ರ. ಅದಕ್ಕೂ ವಿದ್ಯುತ್ತಿಗೂ ಯಾವ ಸಂಬಂಧವೂ ಇರತಕ್ಕದ್ದಲ್ಲ. ಹಾಗಿದ್ದರೆ ಅದು ಕಾದುದೇಕೆ? ಈ ಒಂದು ಪ್ರಶ್ನೆಯೇ ಗಂಟನ್ನು ಬಿಡಿಸಿತು.

ವಿದ್ಯುತ್ತಿನ ಪ್ರವಾಹವು ಹೊರಟಲ್ಲಿಗೆ ಹಿಂದಿರುಗಲೇಬೇಕು. ಮೋಟಾರಿನಲ್ಲಿ ಹೋಗುವುದಕ್ಕೆ ತಂತಿಗಳಿರುವುವು. ಬರುವುದಕ್ಕೆ ಗಾಡಿಯ ಕಬ್ಬಿಣದ ಮೈಯೇ ದಾರಿ. ಇದನ್ನೇ ‘ಅರ್ತ್’ ಎನ್ನುವುದು. ಆದರೆ ಎಂಜಿನ್ ಕುಳಿತಿರುವುದು ರಬ್ಬರಿನ ಮೆತ್ತೆಗಳ ಮೇಲೆ; ರಬ್ಬರು ವಿದ್ಯುತ್ತನ್ನು ಬಿಡದು. ಆದುದರಿಂದ ಎಂಜಿನ್ನನ್ನೂ ಮೈಯನ್ನೂ ಸೇರಿಸಲು ತಾಮ್ರದ ಎಳೆಗಳಿಂದ ಹೆಣೆದ ಒಂದು ಪಟ್ಟಿಯನ್ನು ಬಿಗಿದಿರುತ್ತಾರೆ. ಸೆಲ್ಫ್ ಮೋಟಾರಿನ ಪ್ರವಾಹವೂ, ಡೈನಮೋ ಬ್ಯಾಟರಿಗೆ ತುಂಬುವ ಪ್ರವಾಹವೂ, ಕಿಡಿ ಹಾರಿಸುವ ಕಾಯಿಲಿನ ಪ್ರವಾಹವೂ ಈ ಒಂದೇ ಸೇತುವೆಯನ್ನು ದಾಟಬೇಕು. ಸೇತುವೆ ಕುಸಿದರೆ ಪ್ರವಾಹವು ಕಳ್ಳದಾರಿ ಹಿಡಿಯುವುದು: ಎಂಜಿನ್ನಿನಿಂದ ಮೈಗೆ ಹಾಯ್ದಿರುವ ಚೋಕಿನ ತಂತಿ, ಆಕ್ಸಿಲರೇಟರಿನ ತಂತಿ, ಹೀಗೆ. ಕಾಯಿಲಿಗೆ ಬೇಕಾಗುವುದು ಕೆಲವೇ ಆಂಪಿಯರ್. ಅಷ್ಟನ್ನು ಈ ತಂತಿ ಹೊರಬಲ್ಲುದು. ಸೆಲ್ಫ್ ಮೋಟಾರು ಬೇಡುವುದಾದರೋ ನೂರು ಆಂಪಿಯರಿಗೂ ಹೆಚ್ಚು. ಅದನ್ನು ಹೊರಲಾರದೆ ತಂತಿಯು ಕಾಯುವುದು. ಅದರ ತುದಿಯಿರುವುದು ಪೆಟ್ರೋಲು ತುಂಬಿದ ಕಾರ್ಬ್ಯುರೇಟರಿನಲ್ಲಿ ಎಂಬುದನ್ನು ನೆನೆದಾಗ ನಮಗೆ ಮೈ ನಡುಗಿತು. ಮೂರು ಚಾಳಿಗಳೂ ಒಂದೇ ಬೇರಿನಿಂದ ಹುಟ್ಟಿದವೆಂದು ತೋರಿತು.

ಆದರೆ ಊಹೆಯನ್ನು ನಂಬಿಯೇ ಹಿಂದೆ ಮೂರು ಸಲ ಹಣ ತೆತ್ತಿದ್ದೆವಷ್ಟೆ. ಈ ಬಾರಿ ಪರೀಕ್ಷೆ ಮಾಡದೆ ಏನನ್ನೂ ಕೊಳ್ಳಬಾರದೆಂದು ನಿಶ್ಚಯಿಸಿದೆವು. ಆ ಊರಿನ ಮಿಸ್ತ್ರಿಯೊಬ್ಬರು ಬೆಳಿಗ್ಗೆ ಮೀಟರನ್ನು ತಂದರು. ಆರು ಕೋಶಗಳ ಬ್ಯಾಟರಿಯು 12.6 ವೋಲ್ಟ್ ತೋರಿತು; ಎಂದರೆ ಅದು ಪೂರ್ಣವಾಗಿ ತುಂಬಿದ್ದಿತು. ಅರ್ತ್ ಪಟ್ಟಿಯ ಎರಡು ತುದಿಗಳಿಗೆ ಮೀಟರನ್ನು ಹಿಡಿದು ರೋಧವನ್ನು ನೋಡಿದರೆ ಸೊನ್ನೆ, ದೋಷವೇ ಇಲ್ಲ! ಕಾರ್ಖಾನೆಯವರು ಮೋಸಹೋದದ್ದು ಇಲ್ಲಿಯೇ ಇರಬೇಕು. ಮೀಟರು ಕಳುಹಿಸುವ ಅಲ್ಪ ಪ್ರವಾಹವನ್ನು ಒಂದೇ ಎಳೆಯಾದರೂ ದಾಟಿಸಬಲ್ಲುದು. ಒಬ್ಬ ಮನುಷ್ಯನು ದಾಟಿದ ಮಾತ್ರಕ್ಕೆ ಸೇತುವೆಯು ಲಾರಿಯನ್ನು ಹೊರುವುದೆಂದು ಹೇಳಲಾದೀತೆ?

ಜರ್ಮನಿಯ ಓಮ್ ಎಂಬ ವಿದ್ವಾಂಸನು 1827ರಲ್ಲಿ ಪ್ರಕಟಿಸಿದ ನಿಯಮವು ಇಲ್ಲಿ ದಾರಿ ತೋರುವುದು. ಪ್ರವಾಹವನ್ನು ರೋಧದಿಂದ ಗುಣಿಸಿದರೆ ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜು ದೊರೆಯುವುದು. ಒಂದು ಜೋಡಣೆಯಲ್ಲಿ 0.02 ಓಮ್ ರೋಧವಿದ್ದರೆ, 10 ಆಂಪಿಯರ್ ಪ್ರವಾಹಕ್ಕೆ ನಷ್ಟವು 0.2 ವೋಲ್ಟ್, ಯಾರ ಗಮನಕ್ಕೂ ಬಾರದು. ಅದೇ ಜೋಡಣೆಯಲ್ಲಿ 150 ಆಂಪಿಯರ್ ಹರಿದರೆ ನಷ್ಟವು 3 ವೋಲ್ಟ್! ಆದುದರಿಂದ ಭಾರ ಹೊರಿಸಿಯೇ ಪರೀಕ್ಷಿಸತಕ್ಕದ್ದು.

ಮಿಸ್ತ್ರಿಯವರು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ತ್ ಮೊಳೆಗೂ ಮತ್ತೊಂದನ್ನು ಗಾಡಿಯ ಮೈಗೂ ಹಿಡಿಯಲು, ಒಂದು ಕ್ಷಣ ಮಾತ್ರ ಸೆಲ್ಫ್ ಹೊಡೆದೆವು. ನಷ್ಟವು 0.1 ವೋಲ್ಟ್, ಅಲ್ಲಿಯವರೆಗೆ ದಾರಿ ಸರಿ. ಎರಡನೆಯ ಕಡ್ಡಿಯನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಬದಲಾಯಿಸಿ ಮತ್ತೆ ಹೊಡೆಯಲು, ಅರ್ಧ ವೋಲ್ಟನ್ನು ಮೀರಬಾರದ ನಷ್ಟವು 4 ವೋಲ್ಟಿಗೂ ಮೇಲಾಯಿತು! ಕಳ್ಳನು ಮೈಗೂ ಎಂಜಿನ್ನಿಗೂ ನಡುವೆ ಇದ್ದಾನೆಂಬುದು ಸಿದ್ಧವಾಯಿತು. ದಪ್ಪನೆಯ ಜಂಪರ್ ಕೇಬಲೊಂದರಿಂದ ಎಂಜಿನ್ನನ್ನು ನೇರವಾಗಿ ಬ್ಯಾಟರಿಯ ಅರ್ತಿಗೆ ಸೇರಿಸಿದಾಗ ಎಂಜಿನ್ ಒಂದೇ ಹೊಡೆತಕ್ಕೆ ಹೊರಟಿತು. ಪಟ್ಟಿಯನ್ನು ಬಿಚ್ಚಿದೆವು. ಹೊರಗೆ ಚೆನ್ನಾಗಿಯೇ ಕಾಣುತ್ತಿದ್ದುದು ತಿರುಚಿದಾಗ ಹಸಿರು ಪುಡಿ ಉದುರಿಸಿತು. ಹೆಚ್ಚಿನ ಎಳೆಗಳು ಮುರಿದಿದ್ದುವು. ಎಂಜಿನ್ ಅಲುಗಿದಂತೆಲ್ಲ ಅವು ಒಮ್ಮೆ ತಾಗಿ ಒಮ್ಮೆ ಬಿಡುತ್ತಿದ್ದುವು. ಹೊಸ ಪಟ್ಟಿಗೆ ಆದ ವೆಚ್ಚ 300 ರೂಪಾಯಿ. ಅದನ್ನು ಬಿಗಿಯುವ ಮೊದಲು ಕೂರುವ ಸ್ಥಳದ ತುಕ್ಕನ್ನೂ ಬಣ್ಣವನ್ನೂ ಹೊಳೆಯುವವರೆಗೆ ಉಜ್ಜಿ, ಬಿಗಿದ ಮೇಲೆ ಗ್ರೀಸು ಸವರಿದೆವು.

ಈ ಅನುಭವದಿಂದ ನಾವು ಕಲಿತುದನ್ನು ಗೃಹಸ್ಥರಿಗೆ ಅರಿಕೆ ಮಾಡುತ್ತೇವೆ. ಗಾಡಿಯಲ್ಲಿ ಒಂದು ಪುಸ್ತಕವನ್ನಿಟ್ಟು, ದೋಷ ಕಂಡಾಗಲೆಲ್ಲ ಮಳೆಯೋ ಬಿಸಿಲೋ, ಎಂಜಿನ್ ಕಾದಿತ್ತೋ ತಣ್ಣಗಿತ್ತೋ, ದೀಪ ಉರಿಯುತ್ತಿತ್ತೋ ಎಂಬುದನ್ನು ಬರೆದಿಡಬೇಕು. ಹಲವು ದೋಷಗಳು ಕೂಡಿ ಬಂದರೆ ಅವು ಹಂಚಿಕೊಂಡಿರುವ ದಾರಿಯನ್ನು ಮೊದಲು ಶೋಧಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಇಲ್ಲದಿದ್ದರೆ ಗುಣ ಯಾವುದರಿಂದಾಯಿತೆಂದು ತಿಳಿಯದು. ಕೈ ಹಾಕುವ ಮೊದಲು ಉಂಗುರ, ಬಳೆ, ಗಡಿಯಾರಗಳನ್ನು ತೆಗೆದಿಟ್ಟು, ತಂತಿ ಬಿಚ್ಚುವಾಗ ಬ್ಯಾಟರಿಯ ಅರ್ತನ್ನು ಮೊದಲು ಬಿಡಿಸತಕ್ಕದ್ದು. ಫ್ಯೂಸು ಪದೇ ಪದೇ ಹೋದರೆ ಅದರ ಸ್ಥಳದಲ್ಲಿ ದಪ್ಪ ತಂತಿಯನ್ನು ಎಂದಿಗೂ ಸುತ್ತಕೂಡದು. ಕಾವಲುಗಾರನನ್ನು ಕಟ್ಟಿಹಾಕಿ ಮಲಗಿದಂತಾದೀತು. ಬಿಸಿಯಾಗಬಾರದ ವಸ್ತು ಬಿಸಿಯಾದರೆ ಆ ಕ್ಷಣವೇ ನಿಲ್ಲಿಸಬೇಕು.

ಇನ್ನೊಂದು ಮಾತುಂಟು. ಮೂರು ತಿಂಗಳು ನಮಗೂ ಕಾರ್ಖಾನೆಯವರಿಗೂ ಸಿಕ್ಕದ ಸುಳಿವು, ಯಂತ್ರದ ವಿಷಯವನ್ನೇನೂ ಓದದ ನಮ್ಮ ಮನೆಯವರ ಬೆರಳಿಗೆ ಸಿಕ್ಕಿತು. ಅವರು ಅದಕ್ಕೆ ಮೊದಲೇ ಒಂದೆರಡು ಬಾರಿ, “ಬೆಳಿಗ್ಗೆ ಒಂದು ಥರ ವಾಸನೆ ಬರುತ್ತದೆ” ಎಂದು ಹೇಳಿದ್ದರು; ನಾವು ಕಿವಿಗೊಟ್ಟಿರಲಿಲ್ಲ. ಗಾಡಿ ಈಗಲೂ ಮನೆಯಲ್ಲಿದೆ. ತಾಯಿಯವರು ಮುಂದಿನ ಸೀಟಿನಲ್ಲಿ ಕುಳಿತು ದೇವಸ್ಥಾನಕ್ಕೆ ಹೋಗಿಬರುತ್ತಿದ್ದಾರೆ. ಅದರಲ್ಲಿ ಕುಳಿತವರು ಯಾರೇ ಆಗಲಿ, ಏನಾದರೂ ಹೊಸ ಸದ್ದೋ ವಾಸನೆಯೋ ಇದೆಯೆಂದರೆ ನಾವು ಗಾಡಿಯನ್ನು ನಿಲ್ಲಿಸಿ, ಇಳಿದು ನೋಡುತ್ತೇವೆ.