ಗೋಣು ಮುರಿದವರನ್ನು ಎತ್ತುವ ಬಗೆ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಸೀಮೆಯ ಭೂಕಂಪಕ್ಕೆ ಉಮರ್ಗಾ, ನಿಲಂಗಾ ಭಾಗದ ಕಲ್ಲು-ಮಣ್ಣಿನ ಮನೆಗಳು ಮಲಗಿದವರ ಮೇಲೆಯೇ ಕುಸಿದವು. ಸಾವಿರಾರು ಜನ ತೀರಿಕೊಂಡರು. ಅಂಥ ಹೊತ್ತಿನಲ್ಲಿ ಸಿಕ್ಕಿಬಿದ್ದವರನ್ನು ಕೈಗೆ ಬಂದಂತೆ ಎಳೆಯುವುದು ಮನುಷ್ಯ ಸ್ವಭಾವ. ಆದರೆ ಗೋಣಿನ ಎಲುಬು ಮುರಿದವನಿಗೆ ಆ ಎಳೆತವೇ ಎರಡನೆಯ ಪೆಟ್ಟಾದೀತು.

ಭೂಕಂಪ ನಿತ್ಯ ಬರುವುದಿಲ್ಲ. ಆದರೆ ಹುಣಸೆ ಗಿಡದಿಂದ ಬೀಳುವುದು, ಕಣಿಕೆ ಹೇರಿದ ಬಂಡಿಯಿಂದ ಉರುಳುವುದು, ಟ್ರ್ಯಾಕ್ಟರ್ ಮಗುಚುವುದು, ನೀರಿಳಿದ ಬಾವಿಗೆ ತಲೆಕೆಳಗಾಗಿ ಜಿಗಿಯುವುದು ಉದಗೀರದಿಂದ ಉಮರ್ಗಾದವರೆಗೆ ಯಾವ ಹಳ್ಳಿಯಲ್ಲಾದರೂ ಆಗುವಂಥವೇ.

ಗೋಣಿನಲ್ಲಿ 7 ಮಣಿಗಳಿವೆ. ಅವುಗಳೊಳಗಿಂದ ಕಿರುಬೆರಳಿನಷ್ಟು ದಪ್ಪದ ಬೆನ್ನುಹುರಿ ಇಳಿಯುತ್ತದೆ. ಮಣಿ ಮುರಿದರೆ, ಇಲ್ಲವೆ ಕೀಲು ತಪ್ಪಿ ಸರಿದರೆ, ಹುರಿ ಜಜ್ಜಿಹೋಗಬಹುದು. ಮುರಿದ ಎಲುಬು ಕೂಡುತ್ತದೆ. ಕಡಿದ ಹುರಿ ಕೂಡುವುದಿಲ್ಲ. ಗೋಣುನೋವು, ಕೈಕಾಲಿಗೆ ಜೋಮು, ಬಲ ಕುಂದುವುದು, ಉಸಿರಿಗೆ ಕಷ್ಟವಾಗುವುದು ಇದರ ಕುರುಹುಗಳು. ಬಿದ್ದು ಎಚ್ಚರ ತಪ್ಪಿದವನಿಗೂ ಗೋಣಿಗೆ ಪೆಟ್ಟಾಗಿದೆಯೆಂದೇ ತಿಳಿಯಬೇಕು. ಎದ್ದು ನಡೆದ ಮಾತ್ರಕ್ಕೆ ಅಪಾಯವಿಲ್ಲವೆನ್ನಲಾಗದು.

ರೈತ ಬಾಂಧವರೇ, ಮೊದಲು 108ಕ್ಕೆ ಫೋನು ಮಾಡಿಸಿರಿ. ಗಾಯಾಳುವನ್ನು ಕೂಡಿಸಬೇಡಿರಿ, ತಲೆದಿಂಬು ಇಡಬೇಡಿರಿ, ನೀರು ಕುಡಿಸಬೇಡಿರಿ. ಒಬ್ಬನು ತಲೆಯ ಎರಡೂ ಬದಿಗೆ ಕೈಯಿಟ್ಟು ಅಲುಗದಂತೆ ಹಿಡಿಯಲಿ. ವಾರೆಯಾದ ಗೋಣನ್ನು ಬಲವಂತದಿಂದ ನೆಟ್ಟಗೆ ಮಾಡಬಾರದು. ಸಾಗಿಸಲೇಬೇಕಾದರೆ ತಲೆ ಹಿಡಿದವನ ಮಾತಿನಂತೆ ನಾಲ್ಕು ಜನ ಸೇರಿ, ತಲೆಯೂ ಮೈಯೂ ಒಂದೇ ತೊಲೆಯಂತೆ ಹೊರಳಿಸಿ ಹಲಗೆಯ ಮೇಲೆ ಮಲಗಿಸಿರಿ. ತಲೆಯ ಎರಡೂ ಬದಿಗೆ ಧೋತರದ ಸುರುಳಿ ಒತ್ತಿಡಿರಿ. ಉಸಿರು ನಿಂತಿದ್ದರೆ ಮಾತ್ರ ಉಸಿರಾಡಿಸುವುದೇ ಮೊದಲ ಕೆಲಸ.

ಎಲುಬು ಕೂಡಿಸುವವರ ಕೈಯಲ್ಲಿ ಗೋಣು ಜಗ್ಗಿಸಬೇಡಿರಿ. ದವಾಖಾನೆಯಲ್ಲಿಯೂ ಜಗ್ಗುತ್ತಾರಲ್ಲ ಎಂದು ಕೆಲವರು ಕೇಳಬಹುದು. ಅಲ್ಲಿ ಕ್ಷ-ಕಿರಣ, ಸಿ.ಟಿ., ಎಂ.ಆರ್.ಐ. ಚಿತ್ರಗಳಿಂದ ಮಣಿ ಎಲ್ಲಿ ಸರಿದಿದೆಯೆಂದು ನೋಡುತ್ತಾರೆ. ತಲೆಬುರುಡೆಗೆ ಇಕ್ಕಳ ಹಾಕಿ, ತೂಕವನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ಪ್ರತಿಸಲ ಕೈಕಾಲಿನ ಬಲ ಪರೀಕ್ಷಿಸಿ ಕೀಲನ್ನು ಸ್ಥಾನಕ್ಕೆ ತರುತ್ತಾರೆ. ಅಗತ್ಯವಿದ್ದರೆ ಶಸ್ತ್ರಕ್ರಿಯೆ ಮಾಡಿ ಲೋಹದ ಪಟ್ಟಿ, ತಿರುಪುಗಳಿಂದ ಬಿಗಿಯುತ್ತಾರೆ. ಸಾಮಾನ್ಯವಾಗಿ ಎಲುಬು ಕೂಡಲು ಮೂರು ತಿಂಗಳಾದರೂ ಬೇಕು. ನಮ್ಮ ಸೀಮೆಗೆ ಲಾತೂರ, ಸೊಲ್ಲಾಪುರ, ಬೀದರ, ಕಲಬುರ್ಗಿಗಳಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿನ ದವಾಖಾನೆಗಳಿವೆ.

ಕೈಕಾಲು ಸೋತು ಮನೆಗೆ ಬಂದವರನ್ನು ಹಾಸಿಗೆ ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ವೈದ್ಯರು ತೋರಿಸಿದಂತೆ ಮಗ್ಗಲು ಬದಲಿಸಿರಿ.

ಹುಣಸೆ ಬಡಿಯುವ ಸುಗ್ಗಿಗೆ ಮುಂಚೆಯೇ ಊರ ತರುಣರು ನಾಲ್ಕು ಜನ ಕೂಡಿ ಹಲಗೆಯ ಮೇಲೆ ಒಬ್ಬನನ್ನು ಹೊರಳಿಸಿ ಎತ್ತುವುದನ್ನು ಕಲಿತಿರಲಿ. ಅವಸರದ ಹತ್ತು ಕೈಗಳಿಗಿಂತ ತಿಳಿದ ನಾಲ್ಕು ಕೈ ಮೇಲು.