ಅದುಮಿಟ್ಟ ಸ್ಪ್ರಿಂಗು

ನಿಂತಿರುವ ಕಾರಿನ ಮುಂಭಾಗದ ಒಂದು ಮೂಲೆಯನ್ನು ಎರಡು ಕೈಗಳಿಂದಲೂ ಕೆಳಕ್ಕೆ ಒತ್ತಿ ಥಟ್ಟನೆ ಬಿಟ್ಟುನೋಡಿ. ಅದು ಮೇಲೆದ್ದು ಒಮ್ಮೆ ಕುಲುಕಿ ನಿಂತರೆ ಚಿಂತೆಯಿಲ್ಲ. ಮೂರು ನಾಲ್ಕು ಸಲ ಏರಿಳಿಯಿತೆಂದರೆ ಚಕ್ರದ ಮೇಲಿನ ಸ್ಟ್ರಟ್ ಸವೆದಿದೆಯೆಂದು ತಿಳಿಯಬೇಕು.

ಸ್ಟ್ರಟ್ ಎಂದರೇನು? ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಜೋಡಣೆ ಇದು. ನಮ್ಮಲ್ಲಿ 1983ರಲ್ಲಿ ಹೊರಬಂದ ಮಾರುತಿ 800 ಕಾರಿನ ಮುಂಚಕ್ರಗಳಿಗೂ ಇದೇ ಆಧಾರ. ಒಂದು ಸುರುಳಿ ಸ್ಪ್ರಿಂಗು, ಅದರ ನಡುವೆ ಎಣ್ಣೆ ತುಂಬಿದ ಒಂದು ಕೊಳವೆ. ಕಾರಿನ ಭಾರವನ್ನು ಹೊರುವುದು ಸ್ಪ್ರಿಂಗು. ಚಕ್ರವು ದಿಣ್ಣೆಯನ್ನೇರಿದಾಗ ಅದು ಕುಗ್ಗಿ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ. ಕೂಡಿಟ್ಟುದನ್ನು ಹಿಂದಿರುಗಿಸದೆ ಅದಕ್ಕೆ ಗತಿಯಿಲ್ಲ. ಆಗ ಕೊಳವೆಯೊಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ನೂಕುವುದರಿಂದ ಕುಣಿತದ ಶಕ್ತಿಯು ಶಾಖವಾಗಿ ಕರಗುತ್ತದೆ. ಎಣ್ಣೆ ಸೋರಿಹೋದರೆ ಈ ವ್ಯಾಪಾರವೇ ನಿಂತಂತೆ. ಚಕ್ರವು ನೆಲಬಿಟ್ಟು ಜಿಗಿಯುವುದು, ಟೈರು ಅಲ್ಲಲ್ಲಿ ಗುಳಿಬಿದ್ದು ಸವೆಯುವುದು, ಬ್ರೇಕು ಹಾಕಿದ ಮೇಲೂ ಕಾರು ಹೆಚ್ಚು ದೂರ ಓಡುವುದು.

ಇದನ್ನು ಮನೆಯಂಗಳದಲ್ಲೇ ಬದಲಾಯಿಸಬಹುದೆ? ಬಹುದು. ಹಿಂಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜಾಕಿಯಿಂದೆತ್ತಿ, ಗಟ್ಟಿಯಾದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬರಿಯ ಜಾಕಿಯನ್ನು ನಂಬಿ ಯಾರೂ ಕೆಳಗೆ ಕೈಯಿಕ್ಕಬಾರದು. ಚಕ್ರ ಕಳಚಿದರೆ ಸ್ಟ್ರಟ್ ಕಾಣುತ್ತದೆ. ಕೆಳಗಿನ ಎರಡು ಬೋಲ್ಟುಗಳ ಸ್ಥಾನವನ್ನು ಬಣ್ಣದಿಂದ ಗುರುತಿಸಿಕೊಂಡು ಬಿಚ್ಚುವುದು. ಚಕ್ರದ ಗುಂಬ ಬ್ರೇಕಿನ ರಬ್ಬರು ಕೊಳವೆಯ ಮೇಲೆ ಜೋತುಬೀಳದಂತೆ ತಂತಿಯಿಂದ ಕಟ್ಟುವುದು. ಬಾನೆಟ್ಟಿನಡಿಯ ಸುತ್ತುನಟ್ಟುಗಳನ್ನು ತೆಗೆಯುವುದು. ಸ್ಟ್ರಟ್ ಇಡಿಯಾಗಿ ಕೈಗೆ ಬರುತ್ತದೆ.

ಆದರೆ ಆ ಸುತ್ತುನಟ್ಟುಗಳ ನಡುವೆ ಇನ್ನೊಂದು ದೊಡ್ಡ ನಟ್ಟು ಉಂಟಷ್ಟೆ? ಅದನ್ನು ಮುಟ್ಟಬೇಡಿ! ಸ್ಪ್ರಿಂಗನ್ನು ಅದುಮಿ ಹಿಡಿದಿರುವುದು ಅದೊಂದೇ. ಸ್ಪ್ರಿಂಗೊಂದನ್ನು 15 ಸೆಂಟಿಮೀಟರ್ ಕುಗ್ಗಿಸಲು ಕೊನೆಯಲ್ಲಿ 300 ಕಿಲೋಗ್ರಾಂ ಭಾರ ಬೇಕಾಯಿತೆಂದು ಇಟ್ಟುಕೊಳ್ಳೋಣ. ಅದರಲ್ಲಿ ಅಡಗಿದ ಶಕ್ತಿ, 25 ಕಿಲೋ ಅಕ್ಕಿಯ ಮೂಟೆ ಸೊಂಟದೆತ್ತರದಿಂದ ಬಿದ್ದಾಗಿನ ಶಕ್ತಿಗೆ ಸಮ. ಅದೂ ಕಣ್ಣು ಮಿಟುಕಿಸುವುದರೊಳಗೆ, ಮುಖದೆದುರಿಗೆ. ಇದರಿಂದ ಕೈ ಕಣ್ಣು ಕಳೆದುಕೊಳ್ಳಬಹುದು, ಪ್ರಾಣವೂ ಹೋಗಬಹುದು.

ಆದುದರಿಂದ ಸ್ಪ್ರಿಂಗು ಅದುಮುವ ಉಪಕರಣಗಳೆರಡನ್ನು ಎದುರುಬದುರಾಗಿ ತೊಡಿಸಿ, ಒಂದನ್ನು ಕೊಂಚ, ಮತ್ತೊಂದನ್ನು ಕೊಂಚ, ಹೀಗೆ ಸಮನಾಗಿ ಬಿಗಿಯಬೇಕು. ಸ್ಪ್ರಿಂಗು ತನ್ನ ಪೀಠದಲ್ಲಿ ಸಡಿಲವಾಗಿ ಅಲುಗಾಡಿದ ಮೇಲೆಯೇ ನಡುನಟ್ಟಿಗೆ ಸ್ಪ್ಯಾನರ್. ಹಗ್ಗ, ತಂತಿಗಳ ಉಪಾಯ ಇಲ್ಲಿ ಸಲ್ಲದು. ಒಳ್ಳೆಯ ಉಪಕರಣ ದೊರೆಯದಿದ್ದರೆ, ಬಿಚ್ಚಿದ ಸ್ಟ್ರಟ್ಟನ್ನು ಕಾರ್ಖಾನೆಗೆ ಒಯ್ದು ಈ ಒಂದು ಕೆಲಸವನ್ನು ಮಾತ್ರ ಮಾಡಿಸಿ ತರುವುದೇ ಜಾಣತನವೆಂದು ನನ್ನ ಅಭಿಪ್ರಾಯ. ಸ್ಪ್ರಿಂಗು ಸಮೇತ ಸಿದ್ಧವಾದ ಸ್ಟ್ರಟ್ಟುಗಳೂ ಕೆಲವು ಕಾರುಗಳಿಗೆ ಸಿಗುತ್ತವೆ.

ಒಂದು ಬದಿ ಹೊಸದು, ಇನ್ನೊಂದು ಬದಿ ಹಳೆಯದು ಎಂದಾಗಬಾರದು. ಎಡಬಲ ಜೊತೆಯಾಗಿಯೇ ಬದಲಾಗಬೇಕು. ಗುರುತು ಹಾಕಿ ಜೋಡಿಸಿದ್ದರೂ ಚಕ್ರಗಳ ಕೋನವನ್ನು ಪರೀಕ್ಷಿಸಿಕೊಳ್ಳಬೇಕು. ಅದಂತೂ ಅಂಗಳದಲ್ಲಿ ಆಗುವ ಕೆಲಸವಲ್ಲ.