ಸರದಿ ಬಂದೇ ಬರುತ್ತದೆ ಎಂಬ ನಂಬಿಕೆ

ವಿಜಯದಶಮಿಯ ಬೆಳಿಗ್ಗೆ ಅಹಮದಾಬಾದ್, ವಡೋದರಾ, ಸೂರತ್‌ಗಳ ಫರಸಾಣ ಎಂಬ ಕುರುಕು ತಿಂಡಿಗಳ ಅಂಗಡಿಗಳ ಮುಂದೆ ಫಾಫಡಾ-ಜಲೇಬಿಗಾಗಿ ಉದ್ದದ ಸಾಲು ನಿಲ್ಲುತ್ತದೆ. ಕಡಲೆಹಿಟ್ಟಿನ ಉಂಡೆಯನ್ನು ಮಣೆಯ ಮೇಲಿಟ್ಟು ಅಂಗೈಯಿಂದ ಒತ್ತಿ ಎಳೆದರೆ ಒಂದು ಪಟ್ಟಿ. ಅದನ್ನು ಚಾಕುವಿನಿಂದ ಎಬ್ಬಿಸಿ ಕಾದ ಎಣ್ಣೆಗೆ ಬಿಟ್ಟರೆ ಒಂದು ಫಾಫಡಾ. ಸಾಲಿನಲ್ಲಿರುವವರಿಗೆ ಇದೆಲ್ಲ ಕಣ್ಣೆದುರೇ ಕಾಣುತ್ತಿರುತ್ತದೆ, ಮುಂದೆ ಎಷ್ಟು ಜನ ಇದ್ದಾರೆಂಬುದೂ ಗೊತ್ತಿರುತ್ತದೆ. ಯಾರೂ ಸಿಡುಕುವುದಿಲ್ಲ. ಅದೇ ಜನ ಟ್ರಾಫಿಕ್ ಸಿಗ್ನಲ್‌ನಲ್ಲಿ ಹಸಿರು ದೀಪಕ್ಕೆ ಮುಂಚೆಯೇ ಹಾರ್ನ್ ಒತ್ತುತ್ತಾರೆ. ತಾಳ್ಮೆ ಎಂಬುದು ಬರೀ ಹುಟ್ಟುಗುಣವಾಗಿದ್ದರೆ ಅಂಗಡಿಯ ಮುಂದೆ ಇದ್ದದ್ದು ರಸ್ತೆಯಲ್ಲಿ ಎಲ್ಲಿ ಹೋಯಿತು? ಡೇವಿಡ್ ಮೇಸ್ಟರ್ ಎಂಬ ನಿರ್ವಹಣಾ ತಜ್ಞರು 1985ರಲ್ಲಿ ಸರದಿ ಸಾಲಿನ ಮನಶ್ಶಾಸ್ತ್ರದ ಬಗ್ಗೆ ಬರೆದ ಲೇಖನದಲ್ಲಿ ಇದಕ್ಕೆ ಉತ್ತರವಿದೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲದ, ಕಾರಣ ತಿಳಿಯದ, ನ್ಯಾಯವಿಲ್ಲದ ಕಾಯುವಿಕೆ ಇರುವುದಕ್ಕಿಂತ ದೀರ್ಘವಾಗಿ ಅನಿಸುತ್ತದೆ ಎಂದರು ಅವರು. ಮಧ್ಯೆ ನುಗ್ಗುವವನನ್ನು ಕಂಡರೆ ನಮಗೆ ಸಿಟ್ಟು ಬರುವುದು ಎರಡು ನಿಮಿಷ ಹೋಯಿತೆಂದಲ್ಲ, ಸರದಿಯ ಮೇಲಿನ ನಂಬಿಕೆ ಹೋಯಿತೆಂದು.

ತಾಳ್ಮೆ ಮನಸ್ಸಿನ ಹತೋಟಿಗೆ ಸೇರಿದ್ದು, ನಂಬಿಕೆಗೇನು ಸಂಬಂಧ ಎನ್ನುವವರಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಷೆಲ್ ನಡೆಸಿದ ಮಿಠಾಯಿ ಪ್ರಯೋಗವನ್ನು ಅವರು ನೆನಪಿಸುತ್ತಾರೆ: ಎದುರಿಗಿಟ್ಟ ಒಂದನ್ನು ಈಗಲೇ ತಿನ್ನದೆ ಕಾದ ಮಗುವಿಗೆ ಎರಡು. ಆದರೆ ರಾಚೆಸ್ಟರ್ ವಿಶ್ವವಿದ್ಯಾಲಯದವರು ಇದೇ ಪ್ರಯೋಗಕ್ಕೆ ಮುಂಚೆ ಇನ್ನೊಂದು ಹಂತ ಸೇರಿಸಿದರು. 28 ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳಿಗೆ ಒಳ್ಳೆಯ ಬಣ್ಣದ ಕಡ್ಡಿ ತರುತ್ತೇವೆಂದು ಹೇಳಿ ತಂದುಕೊಟ್ಟರು. ಉಳಿದವರಿಗೆ ಹೇಳಿ, ತರದೆ ಬರಿಗೈಯಲ್ಲಿ ಬಂದರು. ಆಮೇಲೆ ಮಿಠಾಯಿ ಇಟ್ಟಾಗ, ಕೊಟ್ಟ ಮಾತು ಈಡೇರಿದ್ದನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದವು, ಮಾತು ತಪ್ಪಿದ್ದನ್ನು ಕಂಡವು 3 ನಿಮಿಷ. ಎರಡನೆಯ ಗುಂಪಿನ ಮಕ್ಕಳನ್ನು ದುಡುಕಿನವು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಒಮ್ಮೆ ಮೋಸಹೋದ ಮೇಲೆ ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವುದು ವಿವೇಕವೇ.

ಹಾಗಾದರೆ ತಾಳ್ಮೆಯ ಈ ಮಾತು ಜನರಿಗೆ ಸುಮ್ಮನೆ ಸಹಿಸಿಕೊಳ್ಳಿ ಎಂದು ಹೇಳುವ ಉಪಾಯವೇ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಮೇ ತಿಂಗಳ ಅಹಮದಾಬಾದನ್ನು ನೋಡಿ. 2010ರ ಮೇನಲ್ಲಿ ಅಲ್ಲಿ ಉಷ್ಣಾಂಶ 46.8 ಡಿಗ್ರಿಗೆ ಏರಿತು; ಆ ಒಂದು ತಿಂಗಳಲ್ಲಿ ವಾಡಿಕೆಗಿಂತ 1,344 ಸಾವುಗಳು ಹೆಚ್ಚಾದವೆಂದು ಸಂಶೋಧಕರು ಲೆಕ್ಕಹಾಕಿದರು. ಅಂಥ ಬಿಸಿಲಲ್ಲಿ ಬೈಕ್ ಮೇಲೆ ಕೂತವನಿಗೆ ತಾಳ್ಮೆಯ ಪಾಠ ಹೇಳುವುದು ಅನ್ಯಾಯ. 2013ರಲ್ಲಿ ನಗರ ಬಿಸಿಗಾಳಿಯನ್ನು ಎದುರಿಸುವ ಯೋಜನೆ ಮಾಡಿತು. ಇತ್ತೀಚಿನ ಬೇಸಿಗೆಗಳಲ್ಲಿ ಮಧ್ಯಾಹ್ನ ಕೆಲವು ಸಿಗ್ನಲ್‌ಗಳನ್ನು ನಿಲ್ಲಿಸುವುದು, ಕೆಲವೆಡೆ ಮೇಲೆ ಹಸಿರು ಬಲೆಯ ನೆರಳು ಕಟ್ಟುವುದು ನಡೆದಿದೆ. ಕಾಯಿಸುವವರು ಮಾಡಬೇಕಾದ ಕೆಲಸ ಇದು. ಅದೇ ನಗರದಲ್ಲಿ 2009ರಲ್ಲಿ ಶುರುವಾದ ಜನಮಾರ್ಗ ಬಸ್ಸುಗಳಿಗೆ ಪ್ರತ್ಯೇಕ ಪಥ, ಹತ್ತುವ ಮೊದಲೇ ಟಿಕೆಟ್ಟು, ಬಸ್ಸಿನ ನೆಲಕ್ಕೆ ಸಮನಾದ ಕಟ್ಟೆ ಕೊಟ್ಟದ್ದೂ ಅದೇ ಬಗೆಯದು. ನಮ್ಮ ಕರ್ನಾಟಕದ ‘ಸಕಾಲ’ವೂ ಇಂಥದ್ದೇ: ಅರ್ಜಿಗೆ ಒಂದು ಸಂಖ್ಯೆ, ಕೆಲಸಕ್ಕೆ ಒಂದು ಗಡುವು, ತಪ್ಪಿದರೆ ದಿನಕ್ಕೆ 20 ರೂಪಾಯಿ ಪರಿಹಾರ. ಗಡುವೇ ಇಲ್ಲದೆ ‘ನಾಳೆ ಬನ್ನಿ’ ಎನ್ನುವ ಕಚೇರಿಯ ಮುಂದೆ ಸುಮ್ಮನೆ ನಿಲ್ಲುವುದಕ್ಕೆ ತಾಳ್ಮೆ ಎಂಬ ಹೆಸರು ಬೇಡ.

ಗಡುವು ಕೊಟ್ಟ ಮೇಲೂ ತಪ್ಪುವುದುಂಟು. ಮುಂಬೈ–ಅಹಮದಾಬಾದ್ ಬುಲೆಟ್ ರೈಲಿಗೆ 2017ರ ಸೆಪ್ಟೆಂಬರ್‌ನಲ್ಲಿ ಸಾಬರಮತಿಯಲ್ಲಿ ಅಡಿಗಲ್ಲು ಹಾಕಿದಾಗ 2022ಕ್ಕೇ ಓಡಿಸುವ ಮಾತಿತ್ತು. 508 ಕಿಲೋಮೀಟರಿನ ಕೆಲಸ ತಡವಾದರೆ ಜನ ಅರ್ಥಮಾಡಿಕೊಳ್ಳುತ್ತಾರೆ. ಏಕೆ ತಡ, ಇನ್ನೆಷ್ಟು ದಿನ ಎಂದು ಹೇಳಿದರೆ ಕಾಯುತ್ತಾರೆ ಕೂಡ. ದೊಡ್ಡ ಯೋಜನೆಗಳು ನಮ್ಮ ಕೈಯಲ್ಲಿಲ್ಲ, ನಿಜ. ಮನೆಯಲ್ಲಿ ಮಗು ಕರೆದಾಗ ನಾವು ಹೇಳುವ ‘ಐದು ನಿಮಿಷ ಇರು’ ಮಾತ್ರ ನಮ್ಮ ಕೈಯಲ್ಲಿದೆ. ದಯವಿಟ್ಟು ಐದನೆಯ ನಿಮಿಷಕ್ಕೆ ಮೊಬೈಲು ಕೆಳಗಿಟ್ಟು ಎದ್ದು ಹೋಗಿ.